ಆಲ್ಬಮ್ಮಿನಲ್ಲಿ ಇಲ್ಲದ ಸೋದರಮಾವ

೧೯೯೧ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ಕ್ಲಾಸಿಗೆ ಸೇರಿದವನು ಆ ವರ್ಷದ ಮಳೆಗಾಲ ಮುಗಿಯುವುದರೊಳಗೆ ಪುಸ್ತಕದ ಚೀಲವನ್ನು ಮೊಳೆಗೆ ನೇತುಹಾಕಿ, ಕುಂದಾಪುರದ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕೆ ನಿಂತೆ. ಇದನ್ನು ಬೇಸರದಲ್ಲಿ ಹೇಳುತ್ತಿಲ್ಲ. ನನ್ನ ಜೊತೆ ಬೆಂಚಿನಲ್ಲಿ ಕೂತಿದ್ದವರು ಓದಿ ಒಳ್ಳೊಳ್ಳೆಯ ಕೆಲಸಕ್ಕೆ ಹೋದರು, ಸಂತೋಷ. ಅವರ ಮದುವೆಗಳಲ್ಲಿ "ಸ್ವಲ್ಪ ಗಲ್ಲ ಮೇಲೆ ಮಾಡಿ" ಎಂದು ಅವರಿಗೇ ಹೇಳಿದವನು ನಾನು. ಎಲ್ಲರೂ ಹೇಳಿದಷ್ಟು ಗಲ್ಲ ಎತ್ತಿದ್ದಾರೆ.

ಆ ಸ್ಟುಡಿಯೋದ ಧಣಿ ನನಗೆ ಮೊದಲು ಕಲಿಸಿದ್ದು ಕ್ಯಾಮೆರಾ ಅಲ್ಲ, ಪೆನ್ಸಿಲ್. ಕಪ್ಪುಬಿಳುಪು ನೆಗೆಟಿವನ್ನು ಗಾಜಿನ ಮೇಲಿಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಿಂದ ಮುಖದ ಗುಳಿ, ಕಣ್ಣಿನ ಕೆಳಗಿನ ಕಪ್ಪು ತುಂಬಬೇಕು. ಉಸಿರು ಬಿಟ್ಟರೆ ಕೈ ಅಲುಗುತ್ತಿತ್ತು. ಒಮ್ಮೆ ಒಬ್ಬರು ಬ್ಯಾಂಕಿನವರ ಮೀಸೆಯ ತುದಿಯನ್ನು ಹೊಳೆಯುವ ಚರ್ಮ ಮಾಡಿಬಿಟ್ಟಿದ್ದೆ. ಅವರು ಫೋಟೋ ನೋಡಿ ಮೀಸೆಯನ್ನೇ ಅಷ್ಟಕ್ಕೆ ಕತ್ತರಿಸಿಕೊಂಡರು. ಆದ್ದರಿಂದ ಎಡಿಟಿಂಗ್ ಎಂಬುದು ಕಂಪ್ಯೂಟರಿನ ಜೊತೆ ಹುಟ್ಟಿತು ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ.

ಈಗ ತೆಕ್ಕಟ್ಟೆಯಲ್ಲಿ ಹೈವೇ ಬದಿಗೆ ನನ್ನದೇ ಸ್ಟುಡಿಯೋ ಇದೆ. ನಮ್ಮ ಕಸುಬಿನವರು ನಾಲ್ಕು ಜನ ಸೇರಿದರೆ ಚಾ ಬರುವ ಮೊದಲೇ ಈ ಚರ್ಚೆ ಶುರುವಾಗುತ್ತದೆ. ತೆಗೆದ ಮೇಲೆ ಫೋಟೋ ತಿದ್ದಬಹುದೇ, ತಿದ್ದಬಾರದೇ. ಒಬ್ಬರು, ಕ್ಯಾಮೆರಾದಿಂದ ಬಂದದ್ದೇ ಸತ್ಯ, ಮುಟ್ಟಬಾರದು ಎನ್ನುತ್ತಾರೆ. ಇನ್ನೊಬ್ಬರು, ಗಿರಾಕಿ ಹೇಳಿದರೆ ಹೆಂಚಿನ ಮನೆಯ ಹಿಂದೆ ಹಿಮಾಲಯ ನಿಲ್ಲಿಸಬೇಕು ಎನ್ನುತ್ತಾರೆ. ನಾನು ಎರಡೂ ಕಡೆ ತಲೆಯಾಡಿಸಿ ಚಾ ಕುಡಿಯುತ್ತಿದ್ದೆ. ತಲೆಯಾಡಿಸುವುದನ್ನು ನಿಲ್ಲಿಸಿದ್ದು ನಾವುಂದದ ಒಂದು ಮನೆಯ ಮದುವೆ ಆಲ್ಬಮ್ ಆದ ಮೇಲೆ.

ಮದುವೆ ನಡೆದದ್ದು ನಮ್ಮ ತೆಕ್ಕಟ್ಟೆಯ ಕಲ್ಯಾಣಮಂಟಪದಲ್ಲಿ, ಎರಡು ವರ್ಷದ ಹಿಂದೆ, ಮೇ ತಿಂಗಳ ಸೆಕೆಯಲ್ಲಿ. ಹುಡುಗಿಯ ತಾಯಿಯನ್ನು ನಾನು ಅಕ್ಕ ಎಂದು ಕರೆಯುವುದು. ಅವರಿಗೆ ಇರುವುದು ಒಬ್ಬನೇ ಅಣ್ಣ. ಯಡ್ತರೆಯಲ್ಲಿ ಮನೆ, ಪುಣೆಯಲ್ಲಿ ಹೋಟೆಲು. ಸಣ್ಣ ಪ್ರಾಯದಲ್ಲಿ ಮೇಜು ಒರೆಸಲು ಹೋಗಿ, ಸಪ್ಲೈಯರ್ ಆಗಿ, ಕೊನೆಗೆ ಗಲ್ಲಾದಲ್ಲಿ ಕೂತವರು. ನಮ್ಮ ಕಡೆ ಮದುವೆಯಲ್ಲಿ ಊಟದ ಜವಾಬ್ದಾರಿ ಹೇಗೋ ಸೋದರಮಾವನ ಹೆಗಲಿಗೇ ಬರುತ್ತದೆ. ಅಡುಗೆಗೆ ಕಂಟ್ರಾಕ್ಟ್ ಕೊಟ್ಟಿರಲಿ, ಬಡಿಸಲು ಜನ ಇರಲಿ, ಮಾವ ಒಂದು ಸೌಟು ಹಿಡಿಯದಿದ್ದರೆ ಆಗುವುದಿಲ್ಲ. ಅದರಲ್ಲೂ ಮಾವ ಹೋಟೆಲಿನವರಾದರೆ ಕೇಳುವುದೇ ಬೇಡ.

ಬೆಳಿಗ್ಗೆ ನಾನು ಅಡುಗೆಮನೆಯ ಕಡೆ ಹೋದಾಗ ಅಡುಗೆ ಕಂಟ್ರಾಕ್ಟಿನವರು ಅವರನ್ನು ಕೈಮುಗಿದು ಹೊರಗೆ ಕಳಿಸಲು ನೋಡುತ್ತಿದ್ದರು.

"ಹ್ವಾಯ್, ನೀವ್ ಸ್ಟೇಜ್ ಬದಿಗ್ ಹೋಯ್ನಿ. ಇಲ್ಲಿದ್ ನಾವ್ ಕಾಣ್ಕಂತ್."

"ನೀವ್ ಕಾಣ್ಕಂತ್ರಿ. ಸಾರಿಗ್ ಉಪ್ಪ್ ಯಾರ್ ಕಾಣುದ್?"

"ಉಪ್ಪ್ ಹಾಕಿತ್ ಮಾರಾಯ್ರೆ."

"ಹಾಕಿದ್ ಗೊತ್ತಿತ್. ನಂಗೆ ಗೊತ್ತಾಯ್ಕಾದ್ದ್ ಎಷ್ಟ್ ಹಾಕಿದ್ರಿ ಅಂದ್ಹೇಳಿ."

ಧಾರೆಯಾಯಿತು. ಸ್ಟೇಜಿನ ಮೇಲೆ ಮನೆಯವರ ಫೋಟೋ ಶುರುವಾಯಿತು. ನಾನು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಊಟದ ಹಾಲಿಗೆ ಹೋಗಿ ಅವರನ್ನು ಕರೆದೆ. ಬನಿಯನ್, ಎತ್ತಿ ಕಟ್ಟಿದ ಪಂಚೆ, ತಲೆಗೆ ಸುತ್ತಿದ ಬೈರಾಸು ಟವೆಲು, ಕೈಯಲ್ಲಿ ಸಾಂಬಾರಿನ ಬಾಲ್ದಿ.

"ಅಣ್ಣ, ಒಂದ್ ಫೋಟೋ ತೆಗುವ, ಬನ್ನಿ."

"ಈ ಪಂಕ್ತಿ ಒಂದ್ ಏಳ್ಲಿ, ಬತ್ತೆ."

ಆ ಪಂಕ್ತಿ ಎದ್ದಿತು, ಇನ್ನೊಂದು ಕೂತಿತು. ಮತ್ತೆ ಹೋಗಿ ಕರೆದೆ. ಮತ್ತೆ ಅದೇ ಉತ್ತರ. ಮಡಿಕೆ ಬಿಚ್ಚದ ರೇಷ್ಮೆ ಅಂಗಿಯೊಂದು ಅವರಿಗಾಗಿ ಅಡುಗೆಮನೆಯ ಬಾಗಿಲ ಹಿಂದೆ ಕಾಯುತ್ತಿತ್ತು. ಕೊನೆಯ ಪಂಕ್ತಿ ಎದ್ದು, ಅವರು ಕೈಕಾಲು ತೊಳೆದು ಅದನ್ನು ತೊಟ್ಟು ಹೊರಗೆ ಬರುವಾಗ ಮದುಮಕ್ಕಳ ಕಾರು ಗೇಟು ದಾಟಿತ್ತು. ನಾನು ಫ್ಲಾಶ್ ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದೆ. ಅವರು ಅಂಗಿಯ ಗುಂಡಿ ಹಾಕುತ್ತ, "ಅಡ್ಡಿಲ್ಲೆ, ಊಟ ಯಾರಿಗೂ ಕಡ್ಮೆ ಆಯ್ಲಿಲ್ಲೆ" ಎಂದರು.

ಫೋಟೋಗಳನ್ನು ಆರಿಸುವುದಕ್ಕೆ ನಾನು ಅಕ್ಕನಿಗೆ ಮೊಬೈಲಿನಲ್ಲಿ ಕಳಿಸಿದೆ. ಈಗ ಎಲ್ಲರೂ ಹಾಗೇ ಮಾಡುವುದು. ಅಂಗೈಯಗಲದ ಪರದೆಯಲ್ಲಿ ಮದುವೆಯೇ ಇಷ್ಟು ಸಣ್ಣಗೆ ಕಾಣುತ್ತದೆ. ಅಕ್ಕನಿಂದ ಫೋನು ಬಂತು.

"ಹ್ವಾಯ್, ಎಲ್ಲ ಲಾಯ್ಕ್ ಬಂದಿತ್. ಆರೆ ಮದಿಮಕ್ಳ್ ಉಂಬು ಫೋಟದಗೆ ಹಿಂದೆ ಬಾಲ್ದಿ, ಸೌಟ್, ಬನಿಯನ್ ಎಲ್ಲ ಕಾಣ್ತ್ ಮಾರಾಯ್ರೆ. ಗಂಡಿನ ಬದಿಯರ್ ಕಾಂಬು ಆಲ್ಬಮ್ ಅಲ್ದಾ. ಹಿಂದಿದ್ದದ್ದ್ ಎಲ್ಲ ತೆಗ್ದ್ ಹಾಕಿ."

ಗಿರಾಕಿ ಹೇಳಿದ್ದು. ನನ್ನ ಆಲ್ಬಮ್ಮುಗಳ ಪುಟ ಜೋಡಿಸುವುದು ಬ್ರಹ್ಮಾವರದ ಒಬ್ಬ ಹೆಂಗಸು, ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಮಾಡುತ್ತಾರೆ. ನಮ್ಮ ಸುತ್ತಿನ ಅರ್ಧ ಮದುವೆಗಳು ಅವರ ಕೈಯಲ್ಲಿ ಹಾದೇ ಹೋಗುವುದು. ಹಿಂದೆ ಯಾರಿದ್ದಾರೆ ಎಂದು ಮತ್ತೆ ನೋಡದೆ, ಹಿಂದಿನದ್ದು ಕ್ಲೀನ್ ಮಾಡಿ ಎಂದು ಬರೆದು ಕಳಿಸಿದೆ. ಅವರು ಮಾಡಿದ್ದನ್ನು ನೋಡಬೇಕು. ಬಾಲ್ದಿ ಇದ್ದಲ್ಲಿ ಬಾಳೆಕಂಬ, ಬನಿಯನ್ ಇದ್ದಲ್ಲಿ ಹೂವಿನ ಪರದೆ. ಎಲ್ಲಿ ಕತ್ತರಿ ಆಡಿತು ಎಂದು ನನಗೂ ಹುಡುಕಲು ಆಗಲಿಲ್ಲ. ಆಲ್ಬಮ್ ನಾವುಂದಕ್ಕೆ ಹೋಯಿತು. ನೋಡಿದವರೆಲ್ಲ ಒಂದೇ ಫೋಟೋ ಹೊಗಳಿದರಂತೆ. ಊಟಕ್ಕೆ ಕೂತ ಹುಡುಗಿ ತಲೆಯೆತ್ತಿ, ಬಾಯಿ ತುಂಬ ನಗುವ ಫೋಟೋ. ಅದು ನನಗೂ ಹೆಮ್ಮೆಯದ್ದೇ.

ಸೋದರಮಾವ ಮದುವೆಯ ಮಾರನೆ ದಿನವೇ ಪುಣೆಗೆ ಹೋಗಿದ್ದವರು, ಚೌತಿಗೆ ಊರಿಗೆ ಬಂದರು. ಚೌತಿ ಕಳೆದು ಒಂದು ಮಂಗಳವಾರ ಅಕ್ಕ ಬಸ್ಸಿಳಿದು ನನ್ನ ಸ್ಟುಡಿಯೋಕ್ಕೆ ಬಂದರು. ಆಲ್ಬಮ್ಮಿನ ಪೆಟ್ಟಿಗೆಯನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡಿದ್ದರು. ಕೂರಿ ಎಂದರೆ ಕೂರಲಿಲ್ಲ. ಟೇಬಲಿನ ಮೇಲೆ ಆಲ್ಬಮ್ ಇಟ್ಟರು.

"ಇದ್ರಗೆ ನಮ್ಮಣ್ಣ ಎಲ್ಲಿದ್ದ, ತೋರ್ಸಿ ಕಾಂಬ."

ನಾನು ತಿರುಗಿಸಿದೆ. ಗಂಡಿನ ಕಡೆಯ ಚಿಕ್ಕಪ್ಪ ನಾಲ್ಕು ಕಡೆ ಇದ್ದರು. ವಾಲಗದವರು ಇದ್ದರು. ಐಸ್‌ಕ್ರೀಮ್ ತಿನ್ನುವ, ಯಾರ ಮಗು ಎಂದು ಯಾರಿಗೂ ಗೊತ್ತಿಲ್ಲದ ಒಂದು ಮಗು ಎರಡು ಪುಟದಲ್ಲಿ ಇತ್ತು. ಅಣ್ಣ ಇರಲಿಲ್ಲ.

"ನಿನ್ನೆ ನಮ್ಮನಿಗ್ ಬಂದಿದ್ದ," ಎಂದು ಅಕ್ಕ ಹೇಳಲು ಶುರುಮಾಡಿದರು. "ಆಲ್ಬಮ್ ಕೊಟ್ಟೆ. ಕೊನಿವರೆಗ್ ಕಂಡ. ಮತ್ತೆ ಮೊದ್ಲಿಂದ ಕಂಡ. ಮತ್ತೆ ಕನ್ನಡಕ ಕೇಣಿ ಇಸ್ಕಂಡ್ ಕಂಡ. ಮುಚ್ಚಿ ಇಟ್ಟ್, ಲಾಯ್ಕ್ ಇತ್ತ್ ಅಂದ. ಚಾ ಮಾಡ್ತೆ ಅಂದ್ರೆ ಬ್ಯಾಡ ಅಂದ. ನಮ್ಮಣ್ಣ ಚಾ ಬ್ಯಾಡ ಅಂದದ್ದ್ ನಾ ಹುಟ್ಟಿ ಇಲ್ಲಿವರೆಗ್ ಕೇಣ್ಲಿಲ್ಲೆ. ಶುಕ್ರವಾರ ರೈಲಿಗ್ ಹೋತ. ಹೀಂಗೇ ಹೋದ್ರೆ ಮುಂದಿನ ಚೌತಿಗ್ ನಮ್ಮನಿ ಮೆಟ್ಲ್ ಹತ್ತುದ್ ಹೌದಾ?"

ಆಮೇಲೆ ಅವರು ಪರ್ಸಿನಿಂದ ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದರು. ಅಣ್ಣ ಪುಣೆಯಲ್ಲಿ ಯಾವುದೋ ಕಾಗದಪತ್ರಕ್ಕೆ ತೆಗೆಸಿದ್ದು. ಕೋಟು ಹಾಕಿಕೊಂಡು, ಎದುರಿಗೆ ಪೊಲೀಸರು ನಿಂತ ಹಾಗೆ ನೋಡುತ್ತಿದ್ದರು.

"ಇದನ್ ಹೆಣ್ಣಿನ ಬಲ್ದ್ ಬದಿಗ್ ನಿಲ್ಸಿ. ನಿಮ್ಗೆ ಕಂಪ್ಯೂಟ್ರಗೆ ಎಂತದೂ ಆತ್ ಅಂಬ್ರಲೆ."

"ಅಕ್ಕ, ಇದ್ರಗೆ ಅವ್ರ್ ಎದಿವರೆಗ್ ಮಾತ್ರ ಇದ್ರ್. ಕೆಳ್ಗೆ ಯಾರ್ ಕಾಲ್ ಹಚ್ಚುದ್?"

"ನಿಮ್ದೇ ಹಚ್ಚಿ."

ನನ್ನ ಕಾಲು ಕೊಡಲು ನನಗೆ ಅಭ್ಯಂತರ ಇರಲಿಲ್ಲ. ಆದರೆ ಅವರು ನಿಲ್ಲದ ಜಾಗದಲ್ಲಿ ಅವರನ್ನು ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಪುಟ ತಿರುಗಿಸುವಾಗೆಲ್ಲ ಅವರಿಗೇ ಅದು ಚುಚ್ಚುತ್ತದೆ. ದಿನವಿಡೀ ಬೆವರು ಸುರಿಸಿದ್ದು ಒಂದು ಕಡೆ, ಫೋಟೋದಲ್ಲಿ ಕೋಟು ಹಾಕಿ ತಂಪಾಗಿ ನಿಂತದ್ದು ಇನ್ನೊಂದು ಕಡೆ. ಅಕ್ಕನಿಗೆ ಅಷ್ಟೆಲ್ಲ ಹೇಳಲಿಲ್ಲ. ಅವರನ್ನು ಕಂಪ್ಯೂಟರಿನ ಎದುರು ಕೂರಿಸಿ, ಕ್ಯಾಮೆರಾದಿಂದ ಇಳಿಸಿದ್ದ, ಯಾರೂ ಮುಟ್ಟದ ಮೂಲ ಫೋಟೋಗಳನ್ನು ತೆರೆದೆ. ಅವನ್ನು ನಾನು ಯಾವತ್ತೂ ಅಳಿಸುವುದಿಲ್ಲ. ನೆಗೆಟಿವ್ ಎಸೆಯಬಾರದು ಎಂದು ಕಲಿತು ಬಂದವನು ನಾನು.

ಊಟದ ಫೋಟೋ ಬಂತು. ಹುಡುಗಿಯ ಹೆಗಲ ಹಿಂದಿನಿಂದ ಎಲೆಯ ಮೇಲೆ ಬಗ್ಗಿ, ಎಡಗೈಯಲ್ಲಿ ಬಾಲ್ದಿ ಹಿಡಿದು, ಸೌಟಿನಲ್ಲಿ ಪಾಯಸ ಎತ್ತಿದ ಅಣ್ಣ. ಬನಿಯನ್ನಿನ ಮೇಲೆ ಸಾಂಬಾರಿನ ಕಲೆ. ತಲೆಯ ಬೈರಾಸು ಒಂದು ಕಿವಿಯ ಮೇಲೆ ಜಾರಿದೆ. ಬಾಯಿ ಏನೋ ಹೇಳುತ್ತಿದೆ. ಹುಡುಗಿ ಅವರ ಮುಖವನ್ನೇ ನೋಡಿ ನಗುತ್ತಿದ್ದಾಳೆ.

ನಾನು ಆಲ್ಬಮ್ಮಿನ ಅದೇ ಪುಟವನ್ನು ಪಕ್ಕದಲ್ಲಿಟ್ಟೆ. ಅದರಲ್ಲಿ ಆ ಹುಡುಗಿ ಅಷ್ಟು ಪ್ರೀತಿಯಿಂದ ನಗುತ್ತಿದ್ದದ್ದು ಒಂದು ಬಾಳೆಕಂಬವನ್ನು ನೋಡಿ.

ಅಕ್ಕ ಎರಡನ್ನೂ ಬೆರಳಿಟ್ಟು ನೋಡಿದರು. ಆಮೇಲೆ ಮುಂಬೈಯಲ್ಲಿರುವ ಮಗಳಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

"ಹೆಣೆ, ನೀ ಉಂಬುಕೆ ಕೂಕಂಡಾಗ ಮಾವ ಎಂತ ಹೇಳ್ದ?"

ಆ ಕಡೆಯಿಂದ ಮೊದಲು ನಗುವೇ ಬಂತು. "ನಿನ್ ಗಂಡ ಎರಡ್ ಸಲ ಪಾಯ್ಸ ಹಾಕ್ಸ್ಕಂಡ, ಈಗ್ಳೇ ಕಂಡಿಟ್ಕೊ, ನಾಳಿಂದ ಮಾಡಿ ಬಡ್ಸುದ್ ನೀನೇ ಅಂದ್ರ್. ಇವ್ರ್ ಹತ್ರವೇ ಕೂಕಂಡಿದ್ರ್ ಅಮ್ಮ, ಕೇಣಿ ಕೆಂಪಾಯ್ರ್. ಎಂತಕೆ ಈಗ?"

"ಎಂತ ಇಲ್ಲೆ. ಇಡ್ತೆ," ಎಂದು ಅಕ್ಕ ಫೋನಿಟ್ಟರು. ಪರದೆಯನ್ನು ನೋಡಿಕೊಂಡೇ, "ಇವ್ನನ್ನೇ ತೆಗ್ದ್ ಹಾಕಿ ಅಂದದ್ದಾ ನಾನ್? ಬಾಲ್ದಿ ಕಂಡೆ, ಹಿಡ್ದರ ಮುಖ ಕಾಣ್ಲಿಲ್ಲೆ," ಎಂದರು.

ಬುಧವಾರ ಬೆಳಿಗ್ಗೆ ಆ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಕೊಂಡು ಯಡ್ತರೆಗೆ ಹೋದೆ. ಅಕ್ಕ ನಾವುಂದದಲ್ಲಿ ನನ್ನ ಸ್ಕೂಟರ್ ಹತ್ತಿದರು. ಅಣ್ಣ ಜಗಲಿಯಲ್ಲಿ ಕೂತು, ಪುಣೆಗೆ ಒಯ್ಯುವ ಕುಚ್ಚಲಕ್ಕಿ ಚೀಲದ ಬಾಯಿಯನ್ನು ದಬ್ಬಣದಿಂದ ಹೊಲಿಯುತ್ತಿದ್ದರು. ನಮ್ಮನ್ನು ನೋಡಿ ಎದ್ದು ಕುರ್ಚಿ ಎಳೆದರು. ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ, ಆದರೆ ತಂಗಿಯ ಮುಖ ನೋಡಲಿಲ್ಲ.

ನಾನು ಫೋಟೋ ಕೊಟ್ಟೆ. ಅವರು ದೂರ ಹಿಡಿದು ನೋಡಿ ತಿರುಗಿಸಿ ಕೊಟ್ಟರು.

"ಇದ್ ಹಾಕ್ಬೇಡಿ ಮಾರಾಯ್ರೆ. ಬನಿಯನ್ನಗೆ ಇದ್ದೆ. ಪುಣೆಯಗೆ ನನ್ ಕೈಕೆಳ್ಗೆ ಇಷ್ಟ್ ಜನ ಕೆಲ್ಸ ಮಾಡ್ತ್ರ್. ಅವ್ರ್ ಕಂಡ್ರೆ ಎಂತ ಹೇಳ್ತ್ರ್, ಧಣಿ ಊರಗೆ ಬಾಲ್ದಿ ಹೊರ್ತ ಅಂದ್ಹೇಳಿ."

"ನೀ ಹೋಟ್ಲ್ ಮಾಡಿದ್ ಬಾಲ್ದಿ ಹೊತ್ತೇ ಅಲ್ದಾ ಅಣ್ಣ," ಎಂದರು ಅಕ್ಕ.

"ಅದ್ ಆಗ. ನಾ ಮದಿಗ್ ಬಂದದ್ ಫೋಟಕ್ಕಲ್ಲ, ಬಡ್ಸುಕೆ. ನಂಗೆ ಫೋಟದ್ ಹುಚ್ಚಿಲ್ಲೆ."

ಒಳಗಿನಿಂದ ಚಾ ತಂದ ಅವರ ಹೆಂಡತಿ ಲೋಟ ಇಡುತ್ತ, "ಹೌದ್ ಹೌದ್, ಹುಚ್ಚಿಲ್ಲೆ. ಮೊನ್ನೆ ನಾವುಂದಕ್ಕ್ ಹೋಪತಿಗೆ ಆ ರೇಷ್ಮೆ ಅಂಗಿ ಹಾಕ್ಕಂಡ್ ಹೋಯಿದ್ರ್. ಆಲ್ಬಮ್ ಕಾಂಬುಕೆ ಯಾರಾರೂ ರೇಷ್ಮೆ ಅಂಗಿ ಹಾಕ್ತ್ರಾ?" ಎಂದರು.

ಅಣ್ಣ ದಬ್ಬಣಕ್ಕೆ ದಾರ ಪೋಣಿಸುವ ಕೆಲಸವನ್ನು ಬಹಳ ಜೋರಾಗಿ ಮಾಡತೊಡಗಿದರು. ಅಕ್ಕ ಎದ್ದು ಹೋಗಿ ಚೀಲದ ಪಕ್ಕದಲ್ಲೇ ನೆಲದ ಮೇಲೆ ಕೂತರು.

"ತೆಗಿನಿ ಅಂದದ್ ನಾನೇ ಅಣ್ಣ. ಇವ್ರಲ್ಲ. ಮೊಬೈಲಗೆ ಸಣ್ಣ ಕಂಡಿತ್. ನಿನ್ ಗುರ್ತ ಸಿಕ್ಲಿಲ್ಲೆ ನಂಗೆ. ಹೆಣ್ಣ್ ಯಾರನ್ ಕಂಡ್ ನೆಗಾಡ್ತಾ ಇತ್ ಅಂದ್ಹೇಳಿ ಒಂದ್ ಸಲ ಸಮಾ ಕಾಣ್."

ಅವರು ಫೋಟೋವನ್ನು ಮತ್ತೆ ತೆಗೆದುಕೊಂಡರು. ಈ ಸಲ ಕನ್ನಡಕ ಹಾಕಿಕೊಂಡರು. ತನ್ನನ್ನಲ್ಲ, ಹುಡುಗಿಯನ್ನು ನೋಡುತ್ತಿದ್ದಾರೆ ಎಂದು ಅವರ ಹೆಬ್ಬೆರಳು ಇದ್ದ ಜಾಗದಿಂದ ನನಗೆ ಗೊತ್ತಾಯಿತು. ಆಮೇಲೆ ತಲೆಯೆತ್ತಿ ನನ್ನ ಕಡೆ ತಿರುಗಿದರು. ದನಿ ತಗ್ಗಿತ್ತು.

"ಹ್ವಾಯ್, ಹಾಕುದಾರೆ ಈ ಸಾಂಬಾರ್ ಕಲೆ ಒಂದ್ ತೆಗುಕಾತ್ತಾ?"

"ಆತ್."

"ಹಾಂಗಾರೆ ಹೊಟ್ಟಿನೂ ಚೂರ್ ಸಣ್ಣ ಮಾಡಿ."

"ಕಲೆ ಸೋಪಿಗೆ ಹೋತ್ತಿತ್ ಅಣ್ಣ, ಅದನ್ ತೆಗಿತೆ. ಹೊಟ್ಟಿ ನಿಮ್ದೇ, ಅದ್ ಇರ್ಲಿ."

ಅವರ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದರು. ಅಣ್ಣನೂ ನಕ್ಕರು. ಆರಿಹೋಗಿದ್ದ ಚಾ ಕುಡಿದು, ಇನ್ನೊಂದು ಲೋಟ ಹೇಳಿದರು. ಅಕ್ಕ ನನ್ನ ಕಡೆ ನೋಡಿದ ನೋಟ ನನಗೆ ಮರೆಯುವಂಥದ್ದಲ್ಲ.

ಕಲೆ, ಹೊಟ್ಟೆಯ ಆ ಮಾತು ಯೋಚಿಸದೆ ಬಾಯಿಗೆ ಬಂದದ್ದು. ಬ್ರಹ್ಮಾವರದ ದಾರಿಯುದ್ದಕ್ಕೂ ಸ್ಕೂಟರಿನಲ್ಲಿ ಅದನ್ನೇ ಯೋಚಿಸಿದೆ. ತೊಳೆದರೆ ಹೋಗುವುದು, ನಾಲ್ಕು ದಿನ ಬಿಟ್ಟರೆ ಮಾಯುವುದು, ಬೆವರು, ಕಲೆ, ಮದುವೆಯ ಹಿಂದಿನ ದಿನವೇ ಎದ್ದ ಮೊಡವೆ, ಇವನ್ನು ತೆಗೆಯಲು ನನಗೆ ಅಡ್ಡಿಯಿಲ್ಲ. ಬೆಳಕು ಕಡಿಮೆಯಾಗಿದ್ದರೆ ಏರಿಸುತ್ತೇನೆ, ಕಣ್ಣಿಗೆ ಕಂಡಷ್ಟು. ಕ್ಯಾಮೆರಾ ನಮ್ಮ ಕಣ್ಣಿನಷ್ಟು ನೋಡುವುದಿಲ್ಲ, ಅದಕ್ಕೆ ಸ್ವಲ್ಪ ಸಹಾಯ ಬೇಕು. ಆದರೆ ಮನುಷ್ಯನದ್ದೇ ಆದದ್ದನ್ನು, ಮತ್ತು ಮನುಷ್ಯನನ್ನೇ, ಕೇಳದೆ ತೆಗೆಯುವುದಿಲ್ಲ. ಮುಟ್ಟಲೇಬಾರದು ಎನ್ನುವವರಿಗೂ ಹಿಮಾಲಯ ನಿಲ್ಲಿಸುವವರಿಗೂ ನನ್ನ ಉತ್ತರ ಈಗ ಇಷ್ಟೇ. ಪುಸ್ತಕ ಓದಿ ಬಂದದ್ದಲ್ಲ, ಅಕ್ಕಿ ಚೀಲದ ಎದುರು ಕೂತು ಬಂದದ್ದು.

ಬ್ರಹ್ಮಾವರದ ಹೆಂಗಸು ವಿಷಯ ಕೇಳಿ ಸೊಂಟಕ್ಕೆ ಕೈಯಿಟ್ಟರು.

"ಕ್ಲೀನ್ ಮಾಡಿ ಅಂದ್ರಿ, ಮಾಡ್ದೆ. ಬಾಲ್ದಿ ಹಿಡ್ದರ್ ಸೋದರಮಾವ ಅಂದ್ಹೇಳಿ ಫೋಟದ್ ಮೇಲೆ ಬರ್ದಿತ್ತಾ?"

"ನೀವ್ ಮಾಡಿದ್ ಕೆಲ್ಸ ಲಾಯ್ಕೇ ಆಯ್ತ್. ಅದೇ ತೊಂದ್ರೆ."

"ಈಗ ಆ ಬಾಳೆಕಂಬ ಎಂತ ಮಾಡುದ್? ಅದಕ್ಕ್ ನಾ ಮಧ್ಯಾಹ್ನ ಇಡೀ ಕೂತಿದ್ದೆ."

"ಮುಂದಿನ ಮದಿಗ್ ಇಟ್ಕಣಿ."

ಬೈದುಕೊಂಡೇ ಅವರು ಕೂತರು. ಊಟದ ಪುಟ ಒಂದೇ ಅಲ್ಲ, ಮೂಲ ಫೋಟೋಗಳಲ್ಲಿ ಹುಡುಕಿದರೆ ಅಣ್ಣ ಇನ್ನೂ ಐದು ಕಡೆ ಸಿಕ್ಕಿದರು. ಧಾರೆಯ ಹೊತ್ತಿನಲ್ಲಿ ಜನರ ಹಿಂದೆ, ಸೌಟು ಕೈಯಲ್ಲೇ ಹಿಡಿದು, ತುದಿಗಾಲಲ್ಲಿ ನಿಂತು ಇಣುಕುತ್ತಿದ್ದದ್ದೂ ಇತ್ತು. ಅದನ್ನು ನೋಡಿ ಆ ಹೆಂಗಸೇ, "ಇದ್ ದೊಡ್ಡ ಮಾಡುವ," ಎಂದರು. ಈ ಆಲ್ಬಮ್ಮಿನ ಹಾಳೆಗಳು ಒಂದಕ್ಕೊಂದು ಅಂಟಿರುತ್ತವೆ, ನಡುವೆ ಒಂದನ್ನು ಬದಲಿಸಲು ಬರುವುದಿಲ್ಲ. ಶುಕ್ರವಾರದೊಳಗೆ ಬೇಕೆಂದು ಹೇಳಿ ಇಡೀ ಆಲ್ಬಮ್ಮನ್ನೇ ಮತ್ತೆ ಪ್ರಿಂಟಿಗೆ ಕಳಿಸಿದೆ. ಅದರ ಖರ್ಚು ನನ್ನ ಕೈಯಿಂದ ಎಂದೆ, ಅಕ್ಕ ಎಷ್ಟು ಹೇಳಿದರೂ ನಾನು ಕೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಆಲ್ಬಮ್ ಹಿಡಿದು ನಾವುಂದಕ್ಕೆ ಹೋದಾಗ ಅಣ್ಣ ಅಲ್ಲಿಗೇ ಬಂದಿದ್ದರು. ಸಾಮಾನೆಲ್ಲ ಕಾರಿನಲ್ಲಿ. ಕೈ ಒರೆಸಿಕೊಂಡು ಆಲ್ಬಮ್ ತೆರೆದರು. ಮೊದಲ ಸಲ ತಾನು ಸಿಕ್ಕಿದಲ್ಲಿ ಕನ್ನಡಕ ಸರಿಮಾಡಿಕೊಂಡರು. ಎರಡನೆಯದರಲ್ಲಿ, "ಕಂಡ್ಯಾ, ಈ ಪಂಕ್ತಿಗ್ ಉಪ್ಪಿನಕಾಯಿ ಬಂದದ್ದೇ ತಡ ಆಯ್ತ್" ಎಂದರು. ಊಟದ ಪುಟಕ್ಕೆ ಬಂದಾಗ ಅಕ್ಕನ ಕಡೆ ಆಲ್ಬಮ್ ತಿರುಗಿಸಿ, ತಾನು ಏನು ಹೇಳಿದ್ದು, ಅಳಿಯ ಹೇಗೆ ಕೆಂಪಾದದ್ದು ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಅಕ್ಕ ಹೊಸದಾಗಿ ಕೇಳಿದ ಹಾಗೆ ಕೇಳಿದರು.

ಆ ದಿನ ಊಟಕ್ಕೆ ಅಣ್ಣ ಕೂತರು, ಬಡಿಸಿದವರು ಅಕ್ಕ. ನನ್ನನ್ನೂ ಬಿಡಲಿಲ್ಲ. ರೈಲಿಗೆ ಹೊತ್ತಾಯಿತು ಎಂದು ಎಲ್ಲರೂ ಅವಸರ ಮಾಡುವಾಗ ಅಣ್ಣ ಚಪ್ಪಲಿ ಮೆಟ್ಟಿಕೊಂಡವರು ಮತ್ತೆ ಒಳಗೆ ಬಂದು, "ಮುಂದಿನ ಚೌತಿಗ್ ಎರಡ್ ದಿನ ಮೊದ್ಲೇ ಬತ್ತೆ, ಕಡುಬಿಗ್ ಎಲೆ ಕೊಯ್ದ್ ಇಡ್" ಎಂದು ತಂಗಿಗೆ ಹೇಳಿ ಹೋದರು.

ಅಂದಿನಿಂದ ಯಾವ ಮದುವೆಗೆ ಹೋದರೂ ಸ್ಟೇಜಿಗೆ ಲೈಟು ಕಟ್ಟುವ ಮೊದಲು ಅಡುಗೆಮನೆಗೆ ಹೋಗುತ್ತೇನೆ. ಸೋದರಮಾವ ಯಾರು ಎಂದು ಕೇಳಿ, ಅವರು ಅಂಗಿ ಬಿಚ್ಚುವ ಮೊದಲು ಒಂದು, ಬಿಚ್ಚಿದ ಮೇಲೆ ಒಂದು ಫೋಟೋ ತೆಗೆಯುತ್ತೇನೆ. ಯಾವುದು ಆಲ್ಬಮ್ಮಿಗೆ ಎಂದು ಅವರನ್ನೇ ಕೇಳುತ್ತೇನೆ. ಹೆಚ್ಚಿನವರು ಎರಡೂ ಇರಲಿ ಎನ್ನುತ್ತಾರೆ.

ಇವತ್ತಿಗೆ ನನ್ನ ಹತ್ತಿರ ಇರುವುದು ಇಷ್ಟು. ಸ್ವಂತ ಕಟ್ಟಿದ ಸ್ಟುಡಿಯೋ ಒಂದು. ಕ್ಯಾಮೆರಾ ಎರಡು, ಲೆನ್ಸ್ ನಾಲ್ಕು, ಕಂಪ್ಯೂಟರ್ ಒಂದು, ಸ್ಕೂಟರ್ ಒಂದು. ಯಾರೂ ಮುಟ್ಟದ ಮೂಲ ಫೋಟೋ ತುಂಬಿದ ಹಾರ್ಡ್ ಡಿಸ್ಕ್ ಹನ್ನೊಂದು.